ಇವರ ಮನೆಯಿಂದ ಅವರ ಮನೆವರೆಗೆ

ಕಾಂಕ್ರೀಟ್ ರಸ್ತೆ ನಮ್ಮ ಬೀದಿಯ ಬಾಯಿಗೆ ಬಂದು ನಿಂತು ಎರಡು ವರ್ಷವಾಯಿತು. ಮೇಲಿನ ಬೀದಿಯಿಂದ ಠೀವಿಯಲ್ಲಿ ಇಳಿದು ಬಂದದ್ದು, ನಮ್ಮ ಕೆಸರು ಕಂಡೊಡನೆ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದ ಮದುವೆಮನೆ ಹೆಂಗಸಿನಂತೆ ಅಲ್ಲೇ ನಿಂತುಬಿಟ್ಟಿತು. ಅಂಚಿನಲ್ಲಿ ಅರ್ಧ ಅಡಿ ಎತ್ತರದ ಮೆಟ್ಟಿಲು. ಸೈಕಲ್ಲಿನವರು ಅಲ್ಲಿ ಇಳಿಯುತ್ತಾರೆ, ಬೈಕಿನವರು ಬೈಯುತ್ತಾರೆ, ಡೇರಿಗೆ ಹಾಲು ಹೊತ್ತು ಹೋಗುವವರು ಕ್ಯಾನಿನ ಮುಚ್ಚಳ ಇನ್ನೊಮ್ಮೆ ಒತ್ತುತ್ತಾರೆ. ಆ ಮೆಟ್ಟಿಲಿಗೆ ನಮ್ಮ ಬೀದಿ ಹುಡುಗರು ‘ಬಾರ್ಡರ್’ ಎಂದು ಹೆಸರಿಟ್ಟಿದ್ದಾರೆ.

ನಮ್ಮದು ಯಗಟಿ ಹೋಬಳಿಯ ಒಂದು ಊರು. ಊರಿನ ಹೆಸರು ಬೇಡ; ಮುಂದೆ ಬರುವ ಮಾತಿನಲ್ಲಿ ಇಪ್ಪತ್ತೆರಡು ಮನೆಗಳ ಮಾನದ ಪ್ರಶ್ನೆ ಇದೆ, ಅದರಲ್ಲಿ ನನ್ನದೂ ಒಂದು. ಬೆಂಗಳೂರಿನಲ್ಲಿ ಯಾರಾದರೂ ಯಾವ ಕಡೆಯವರು ಎಂದು ಕೇಳಿದಾಗ ಚಿಕ್ಕಮಗಳೂರು ಜಿಲ್ಲೆ ಅಂದರೆ ಸಾಕು, ಅವರ ಕಣ್ಣು ಅರಳುತ್ತದೆ. ‘ಕಾಫಿ ತೋಟ ಇದೆಯಾ?’ ಇಲ್ಲ ಸ್ವಾಮಿ. ಮುಳ್ಳಯ್ಯನಗಿರಿ, ಮಂಜು, ಜಿಗಣೆ ಎಲ್ಲ ಆ ಕಡೆಗೆ. ಈ ಕಡೆ ಕಡೂರು, ಯಗಟಿ, ಪಂಚನಹಳ್ಳಿ ಅಂದರೆ ತೆಂಗು, ರಾಗಿ, ಹುರುಳಿ, ನೀರಿಲ್ಲದ ಬೋರ್‌ವೆಲ್ಲು ಮತ್ತು ಧೂಳು. ಹಿಂದೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಆಮೇಲೆ ಹೆಸರೂ ಬೆಟ್ಟದ ಕಡೆಗೆ ಹೋಯಿತು, ಮಳೆಯಂತೂ ಮೊದಲಿಂದ ಅಲ್ಲೇ ಇತ್ತು. ನಮ್ಮ ಪಾಲಿಗೆ ಧೂಳು ಉಳಿಯಿತು.

ಧೂಳು ಅಂದರೆ ಸಾಮಾನ್ಯವಲ್ಲ. ಶಿವರಾತ್ರಿಯಿಂದ ಮುಂಗಾರಿನವರೆಗೆ ನಮ್ಮ ಬೀದಿಯಲ್ಲಿ ಒಗೆದು ಹರವಿದ ಬಿಳಿ ಪಂಚೆ ಒಣಗುವ ಹೊತ್ತಿಗೆ ಕಾವಿಯಾಗಿರುತ್ತದೆ. ಸಂನ್ಯಾಸಕ್ಕೆ ಬೇರೆ ದೀಕ್ಷೆ ಬೇಡ. ಮಳೆ ಶುರುವಾಯಿತೋ, ಅದೇ ಧೂಳು ಕೆಸರಾಗಿ ಚಪ್ಪಲಿಯನ್ನು ಕಾಲಿನಿಂದ ಬಿಡಿಸಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಯಗಟಿಯ ನಾಡಕಚೇರಿಗೆ ನಾನು ಆದಾಯ ಪತ್ರಕ್ಕೋ ಪಹಣಿಗೋ ಹೋದಾಗ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ನೋಡಿಯೇ ಕಾಂಕ್ರೀಟ್ ಬೀದಿಯವರು ಯಾರು, ಮಣ್ಣಿನ ಬೀದಿಯವರು ಯಾರು ಎಂದು ಹೇಳಬಲ್ಲೆ. ಜಾತಿ ಪ್ರಮಾಣಪತ್ರ ಕೊಡುವ ಕಚೇರಿಯ ಬಾಗಿಲಲ್ಲೇ ಹೊಸದೊಂದು ಜಾತಿ ಹುಟ್ಟಿಕೊಂಡಿದೆ.

ಆ ರಸ್ತೆ ಅಲ್ಲಿಗೇ ಯಾಕೆ ನಿಂತಿತು ಅನ್ನುವುದಕ್ಕೆ ಒಂದು ಶಾಸ್ತ್ರವಿದೆ. ಪಂಚಾಯ್ತಿಯ ಕ್ರಿಯಾ ಯೋಜನೆಯನ್ನು ನೀವು ಓದಿಲ್ಲವಾದರೆ ಕನ್ನಡದ ಒಂದು ಒಳ್ಳೆಯ ಗದ್ಯಪ್ರಕಾರವನ್ನು ಕಳೆದುಕೊಂಡಿದ್ದೀರಿ ಅಂತಲೇ ಅರ್ಥ. ಅದರಲ್ಲಿ ರಸ್ತೆಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ. ಇಂಥವರ ಮನೆಯಿಂದ ಇಂಥವರ ಮನೆವರೆಗೆ ಸಿ.ಸಿ. ರಸ್ತೆ ಕಾಮಗಾರಿ. ಇಂಥವರ ಹೊಲದಿಂದ ಇಂಥವರ ತೋಟದವರೆಗೆ ಜಾಡು ರಸ್ತೆ. ಕಾವ್ಯ ಬರೆದವರಿಗೆ, ಕೆರೆ ಕಟ್ಟಿಸಿದವರಿಗೆ ಹಿಂದೆ ಹೆಸರು ಉಳಿಯುತ್ತಿತ್ತು. ಈಗ ಮನೆ ಮುಂದೆ ಒಂದು ಕಾಮಗಾರಿ ಶುರುವಾದರೆ ಅಥವಾ ಮುಗಿದರೆ ಸಾಕು. ಮಧ್ಯದ ಮನೆಯವರಿಗೆ ರಸ್ತೆ ಸಿಗುತ್ತದೆ, ಕೀರ್ತಿ ಸಿಗುವುದಿಲ್ಲ. ಮೇಲಿನ ಬೀದಿಯ ಕಾಮಗಾರಿ ಮುಗಿಯಬೇಕಾದದ್ದು ‘ಶಾನುಭೋಗರ ಮನೆವರೆಗೆ’. ಶಾನುಭೋಗರ ಮನೆ ಬಿದ್ದು ಮೂವತ್ತು ವರ್ಷವಾಗಿದೆ. ಅಲ್ಲಿ ಈಗ ಇರುವುದು ಒಂದು ಹುಣಸೆಮರ, ಒಂದು ಒರಳುಕಲ್ಲು. ಆದರೂ ಕಾಗದದಲ್ಲಿ ಮನೆ ನಿಂತಿದೆ. ರಸ್ತೆ ಇಲ್ಲದ ನಮ್ಮ ಮನೆಗಳ ಮುಂದೆ ಬರಲಿಲ್ಲ, ಮನೆ ಇಲ್ಲದ ಶಾನುಭೋಗರ ಮುಂದೆ ಬಂದು ಕೈಕಟ್ಟಿ ನಿಂತಿತು.

ಮೊದಲ ವರ್ಷ ಕಾದೆವು. ಕಾಯುವುದು ನಮಗೆ ಹೊಸದಲ್ಲ, ಮಳೆಗೆ ಕಾದು ಅಭ್ಯಾಸವಿದೆ. ಎರಡನೇ ವರ್ಷ ಯುಗಾದಿಯ ಮಾರನೆಯ ದಿನ ರಿಟೈರ್ಡ್ ಮೇಷ್ಟ್ರ ಜಗಲಿಯಲ್ಲಿ ಬೀದಿಯವರೆಲ್ಲ ಸೇರಿದೆವು. ವರ್ಷತೊಡಕಿನ ದಿನ ಏನು ಮಾಡುತ್ತೇವೋ ಅದನ್ನೇ ವರ್ಷವಿಡೀ ಮಾಡುತ್ತೇವೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಆ ದಿನ ನಾವು ಜಗಳವಾಡಿದೆವು.

ಮಾತು ತೆಗೆದವರು ಮೇಷ್ಟ್ರು. ‘ಸರ್ಕಾರ ಮಾಡೋವರೆಗೂ ಕೂರೋದಾದ್ರೆ ನಾವು ಹೋಗೋ ದಾರಿ ಬೇರೆ ಆಗಿರ್ತದೆ, ಅದಕ್ಕೆ ಕಾಂಕ್ರೀಟು ಬೇಕಾಗಲ್ಲ. ನಾವೇ ವಂತಿಗೆ ಹಾಕ್ಕೊಂಡು ಮಾಡಿಸಿಬಿಡೋಣ’ ಎಂದರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಗುಡಿಗೆ ವಂತಿಗೆ ಉಂಟು, ಹಬ್ಬಕ್ಕೆ ಉಂಟು, ಗಣಪತಿಗೆ ಉಂಟು, ನಾಟಕಕ್ಕೆ ಉಂಟು. ಕಾಲಡಿಯ ನೆಲಕ್ಕೆ ವಂತಿಗೆ ಎಂದರೆ ಏನೋ ಅಪಶಕುನ ಕೇಳಿದ ಹಾಗಾಯಿತು.

‘ಹೈದರಾಲಿ ಕಾಲ್ದಾಗೆ ಕಾಂಕ್ರೀಟ್ ಇತ್ತೇನ್ರಿ?’ ಎಂದರು ಜಗಲಿಯ ತುದಿಯಲ್ಲಿ ಕೂತಿದ್ದ ಹಿರಿಯರೊಬ್ಬರು. ಅವರು ಯಾವ ಮಾತಿಗೂ ಹೈದರಾಲಿಯನ್ನು ತರುತ್ತಾರೆ. ಅದಕ್ಕೆ ಕಾರಣವೂ ಇದೆ. ನಮ್ಮ ಸೀಮೆಯ ಕಾವಲುಗಳಲ್ಲಿ ಮೇಯುತ್ತಿದ್ದದ್ದು ಅಮೃತ ಮಹಲ್ ದನ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡದ್ದಕ್ಕೆ ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟ. ಅಜ್ಜಂಪುರದಲ್ಲಿ ಇವತ್ತಿಗೂ ಅದರ ತಳಿ ಕೇಂದ್ರವಿದೆ. ಈ ಎತ್ತುಗಳ ಬಲದಿಂದಲೇ ಹೈದರಾಲಿಯ ಸೈನ್ಯ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತು ಎಂದು ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. ‘ಫಿರಂಗಿ ಎಳ್ಕೊಂಡು ಹೋದ್ವಂತೆ, ನಿಮಗೆ ಗ್ಯಾಸ್ ಸಿಲಿಂಡರ್ ಎಳೆಯಕ್ಕೆ ಆಗಲ್ವಾ?’ ಎಂದು ಹಿರಿಯರು ಕೇಳಿದರು. ಗ್ಯಾಸ್ ಗಾಡಿಯವನು ಬಾರ್ಡರಿನಲ್ಲೇ ನಿಂತು ಹಾರ್ನ್ ಹೊಡೆಯುವುದು, ನಾವು ಸಿಲಿಂಡರನ್ನು ಉರುಳಿಸಿಕೊಂಡು ಬರುವುದು ಎಲ್ಲರ ಅನುಭವ. ಎತ್ತಿನ ಮರ್ಯಾದೆಯ ಮುಂದೆ ನಮ್ಮದು ಹೋಯಿತು.

ವಂತಿಗೆಯ ರಸ್ತೆ ಊರಿಗೆ ಪೂರಾ ಹೊಸದೂ ಅಲ್ಲ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಶ್ರಮದಾನ ಎಂಬ ಮಾತು ಹಳ್ಳಿಹಳ್ಳಿಗೆ ಬಂತು. ಊರಿಂದ ದೊಡ್ಡ ರಸ್ತೆಗೆ ಕೂಡುವ ದಾರಿಯನ್ನು ಹಾಗೆಯೇ ಮಾಡಿದ್ದೆಂದು ಅಪ್ಪ ಹೇಳುತ್ತಿದ್ದ. ಮನೆಗೊಂದು ಆಳು, ಆಳಿಗೊಂದು ಗುದ್ದಲಿ. ಆಳು ಕಳಿಸಲಾರದವರು ಮಜ್ಜಿಗೆ ಕಳಿಸಬೇಕು. ಕೊನೆಕೊನೆಗೆ ಗುದ್ದಲಿಗಿಂತ ಮಜ್ಜಿಗೆಯೇ ಹೆಚ್ಚು ಬರತೊಡಗಿತಂತೆ. ರಸ್ತೆಯೇನೋ ಆಯಿತು. ಅದರ ಮೇಲೆ ಮೊದಲು ಓಡಿದ ಜೀಪು ಕಂದಾಯ ವಸೂಲಿಯದು ಎಂದು ಅಪ್ಪ ನಗುತ್ತಿದ್ದ. ನಿಜವೋ, ಕಥೆ ಚೆನ್ನಾಗಿ ಮುಗಿಯಲಿ ಎಂದು ಸೇರಿಸಿದ್ದೋ ಗೊತ್ತಿಲ್ಲ.

ಆದರೆ ಕಾಂಕ್ರೀಟನ್ನು ಮಜ್ಜಿಗೆಯಲ್ಲಿ ಕಲಸಲಾಗುವುದಿಲ್ಲ. ಸೆಂಟ್ರಿಂಗ್ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಟೇಪು ಎಳೆದರು, ಬೀಡಿ ಹಚ್ಚಿದರು, ಬಾಯಲ್ಲೇ ಲೆಕ್ಕ ಹಾಕಿದರು. ಉದ್ದ 140 ಮೀಟರು, ಅಗಲ ಮೂರು, ದಪ್ಪ ಆರಿಂಚು. 63 ಘನ ಮೀಟರ್ ಕಾಂಕ್ರೀಟು. ಘನ ಮೀಟರಿಗೆ ಎಂಟು ಮೂಟೆ ಹಿಡಿದರೆ 504 ಮೂಟೆ ಸಿಮೆಂಟು. ಜಲ್ಲಿ, ಎಂ-ಸ್ಯಾಂಡು, ಕೆಳಗೆ ಗ್ರಾವೆಲ್ಲು, ಮಿಲ್ಲರಿನ ಬಾಡಿಗೆ, ಆಳು, ಎಲ್ಲ ಸೇರಿ ಐದು ಲಕ್ಷ. ‘ಚರಂಡಿ ಬಿಟ್ಟು’ ಎಂದು ಸೇರಿಸಿದರು. ಮೇಷ್ಟ್ರು ತಕ್ಷಣ ಇಪ್ಪತ್ತೆರಡರಿಂದ ಭಾಗಿಸಿದರು: ಮನೆಗೆ 22,727 ರೂಪಾಯಿ 27 ಪೈಸೆ. ಉಳಿದವರು ರೂಪಾಯಿ ಕೇಳಿ ಬೆವರುತ್ತಿದ್ದಾಗ ಮೇಷ್ಟ್ರು ಪೈಸೆ ಇನ್ನೂ ಮುಂದುವರಿಯುತ್ತದೆ, ದಶಮಾಂಶ ಮುಗಿಯುವುದಿಲ್ಲ ಎಂದು ಸಂಭ್ರಮಪಡುತ್ತಿದ್ದರು. ಕಡೂರಿನ ಶಾಸಕರಾಗಿದ್ದ ವೈ.ಎಸ್.ವಿ. ದತ್ತ ಅವರ ಹೆಸರಿನ ಮೊದಲ ಅಕ್ಷರ ಯಗಟಿಯದು. ರಾಜಕೀಯದಷ್ಟೇ ಗಣಿತದ ಪಾಠಕ್ಕೂ ಹೆಸರಾದವರು ಅವರು. ಹಾಗಾಗಿ ಈ ಸುತ್ತಿನ ಮೇಷ್ಟ್ರುಗಳಿಗೆಲ್ಲ ಲೆಕ್ಕ ಎಂದರೆ ಮಣ್ಣಿನ ಗುಣ ಎಂಬ ಅಭಿಮಾನ.

ಸಮಪಾಲು ಎಂದೊಡನೆ ಮೂಲೆಮನೆಯವರು ಎದ್ದು ನಿಂತರು. ಅವರ ಮನೆ ಬೀದಿಯ ಬಾಯಲ್ಲೇ ಇದೆ. ‘ನನ್ನ ಬಾಗಿಲು ಮೇಲಿನ ಬೀದಿಗೈತೆ. ಈ ಕಡೆ ಇರೋದು ಕೊಟ್ಟಿಗೆ ಕಿಟಕಿ. ಕಿಟಕಿಗೆ ಯಾರಾದ್ರೂ ರಸ್ತೆ ಹಾಕಿಸ್ತಾರಾ?’ ನ್ಯಾಯವಾದ ಮಾತು. ಹಾಗಾದರೆ ಟ್ರಾಕ್ಟರ್ ಇದ್ದವರು ಜಾಸ್ತಿ ಕೊಡಲಿ, ರಸ್ತೆ ಕೆಡಿಸುವವರು ಅವರು ಎಂದಿತು ಇನ್ನೊಂದು ದನಿ. ಟ್ರಾಕ್ಟರಿನವರು ಸುಮ್ಮನಿರುತ್ತಾರೆಯೇ? ‘ನಿಮ್ಮ ರಾಗಿ, ನಿಮ್ಮ ಗೊಬ್ಬರ, ನಿಮ್ಮ ಮಗಳ ಮದುವೆ ಬೀರು ಎಲ್ಲ ಯಾವುದರಲ್ಲಿ ಬಂತು?’ ಎಂದರು. ಆ ಬೀರುವಿಗೆ ಬಾಡಿಗೆ ಇನ್ನೂ ಬಾಕಿ ಇದೆ ಎಂಬುದೂ ಆಗ ಹೊರಬಿತ್ತು.

ನನ್ನ ತಂಗಿಯ ಮಗ ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ. ಅರ್ಥಶಾಸ್ತ್ರ ಓದಿದವನು. ‘ಮಾವ, ಇದೇನು ಹೊಸ ಸಮಸ್ಯೆ ಅಲ್ಲ’ ಎಂದು ಶುರುಮಾಡಿದ. ಇಂಗ್ಲೆಂಡಿನಲ್ಲಿ 1892ರಲ್ಲೇ ಒಂದು ಕಾನೂನು ಬಂದಿತ್ತಂತೆ. ಖಾಸಗಿ ಬೀದಿಗೆ ಕಲ್ಲು ಹಾಸಬೇಕಾದರೆ ಸ್ಥಳೀಯ ಸಂಸ್ಥೆ ಹಾಸಿ, ಬೀದಿಗೆ ಮುಖಮಾಡಿರುವ ಆಸ್ತಿಯ ಅಳತೆಯ ಪ್ರಕಾರ ಮಾಲೀಕರಿಂದ ವಸೂಲು ಮಾಡುವುದು. ಅಮೆರಿಕದ ಎಷ್ಟೋ ಊರುಗಳಲ್ಲಿ ಈಗಲೂ ಬೀದಿಯವರು ತಮ್ಮ ರಸ್ತೆಗೆ ತಾವೇ ವಿಶೇಷ ತೆರಿಗೆ ಹಾಕಿಕೊಂಡು ವರ್ಷವರ್ಷ ಕಟ್ಟುತ್ತಾರಂತೆ. ನಮ್ಮ ಪಟ್ಟಣಗಳಲ್ಲೂ ಸುಧಾರಣಾ ಶುಲ್ಕ ಎಂಬುದಿಲ್ಲವೇ, ಹಾಗೆ. ಮೇಷ್ಟ್ರಿಗೆ ಬಹಳ ಹಿಡಿಸಿತು. ‘ಮುಖ ನೋಡಿ ಮಣೆ ಹಾಕೋದು ಅಂದ್ರೆ ಇದೇ!’ ಎಂದು ಟೇಪು ಹಿಡಿದು ಹೊರಟೇಬಿಟ್ಟರು. ಅಳೆದು ನೋಡಿದರೆ ನಮ್ಮ ಬೀದಿಯಲ್ಲಿ ಅತ್ಯಂತ ಉದ್ದ ಮುಖ ಇರುವುದು ಒಂದು ಪಾಳು ಕೊಟ್ಟಿಗೆಗೆ. ಅದರ ವಾರಸುದಾರರು ಏಳು ಜನ, ಒಬ್ಬರೂ ಊರಲ್ಲಿಲ್ಲ, ವ್ಯಾಜ್ಯ ಕಡೂರು ಕೋರ್ಟಿನಲ್ಲಿದೆ. ಬೀದಿಯ ಆರರಲ್ಲಿ ಒಂದು ಪಾಲು ರಸ್ತೆಯನ್ನು ಆ ಕೊಟ್ಟಿಗೆಯ ಇಲಿಗಳು ಹಾಕಿಸಬೇಕಾಗಿತ್ತು.

‘ಇನ್ನೊಂದು ದಾರಿ ಇದೆ’ ಎಂದ ಹುಡುಗ. ವಿಮಾನ ನಿಲ್ದಾಣದ ಉದಾಹರಣೆ ಕೊಟ್ಟ. ಸಣ್ಣ ವಿಮಾನಕ್ಕೆ ಸಣ್ಣ ರನ್‌ವೇ ಸಾಕು, ದೊಡ್ಡದಕ್ಕೆ ಉದ್ದದ್ದು ಬೇಕು. ಖರ್ಚು ಹೇಗೆ ಹಂಚುವುದು? ಲಿಟಲ್‌ಚೈಲ್ಡ್, ಓವನ್ ಎಂಬ ಇಬ್ಬರು 1973ರಲ್ಲಿ ಇದನ್ನು ಬಿಡಿಸಿ ತೋರಿಸಿದರಂತೆ. ಅದರ ಬೇರು ಲಾಯ್ಡ್ ಶಾಪ್ಲಿ ಎಂಬವರ ಸೂತ್ರ. ಶಾಪ್ಲಿಗೆ 2012ರಲ್ಲಿ ನೊಬೆಲ್ ಬಂತು. ತತ್ವ ಸರಳ. ರಸ್ತೆಯ ಮೊದಲ ತುಂಡನ್ನು ಎಲ್ಲರೂ ತುಳಿಯುತ್ತಾರೆ, ಅದಕ್ಕೆ ಇಪ್ಪತ್ತೆರಡು ಮನೆಯೂ ಸಮನಾಗಿ ಕೊಡಲಿ. ಎರಡನೇ ತುಂಡು ಮೊದಲ ಮನೆಯವರಿಗೆ ಬೇಕಿಲ್ಲ, ಉಳಿದ ಇಪ್ಪತ್ತೊಂದು ಮನೆ ಕೊಡಲಿ. ಹೀಗೆ ಹೋಗುತ್ತ ಹೋಗುತ್ತ ಕೊನೆಯ ತುಂಡಿಗೆ ಕೊನೆಮನೆಯವರು ಒಬ್ಬರೇ. ನಾವೆಲ್ಲ ತಲೆದೂಗಿದೆವು. ಇಷ್ಟು ನ್ಯಾಯವಾದ ಮಾತನ್ನು ನಮ್ಮ ಜಗಲಿ ಈ ಹಿಂದೆ ಕೇಳಿರಲಿಲ್ಲ. ಮೂಲೆಮನೆಯವರಂತೂ ಹುಡುಗನಿಗೆ ಕಾಫಿ ತರಿಸಿದರು.

ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಮೊದಲ ಮನೆಗೆ 1,033 ರೂಪಾಯಿ. ಕೊನೆಮನೆಗೆ 83,882.

ಕೊನೆಮನೆಯಲ್ಲಿರುವುದು ಒಬ್ಬ ಅಜ್ಜಿ. ಎಂಬತ್ತು ದಾಟಿದೆ. ಒಂದು ಹಸು, ನಾಲ್ಕು ಕೋಳಿ, ತಿಂಗಳಿಗೆ ಪಿಂಚಣಿ, ಗೃಹಲಕ್ಷ್ಮಿಯ ಎರಡು ಸಾವಿರ. ಬೀದಿಯ ಆಚೆಗೆ ಹೋಗುವುದು ಸೋಮವಾರ ಗುಡಿಗೆ, ಮತ್ತೆ ಯಾರಾದರೂ ಸತ್ತರೆ. ಅಜ್ಜಿ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಎಲೆಯಡಿಕೆ ಕುಟ್ಟುತ್ತಿದ್ದವರು ಕುಟ್ಟಾಣಿ ಕೆಳಗಿಟ್ಟರು. ‘ಎಂಬತ್ನಾಲ್ಕು ಸಾವ್ರವೇ? ಅದುಕ್ಕಿಂತ ನಾನೇ ಊರು ಬಿಟ್ಟು ಹೋಯ್ತೀನಿ ಬಿಡ್ರಪ್ಪ, ರಸ್ತೆನೂ ಅಷ್ಟು ಉದ್ದ ಕಮ್ಮಿ ಆಯ್ತದೆ.’ ನೊಬೆಲ್ ಸಮಿತಿಯವರು ಪ್ರಶಸ್ತಿ ಕೊಡುವ ಮೊದಲು ಒಂದು ಸಲ ಕೊನೆಮನೆಯವರನ್ನು ಕೇಳಬೇಕಿತ್ತು ಎಂದು ನನಗೆ ಅನ್ನಿಸಿತು. ಹುಡುಗ ಕಾಫಿ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದ.

ಇಷ್ಟಾದ ಮೇಲೆ, ಮೊದಲು ಪಂಚಾಯ್ತಿಯನ್ನೇ ಕೇಳಿ ನೋಡೋಣ ಎಂದು ತೀರ್ಮಾನವಾಯಿತು. ಮೇಷ್ಟ್ರು, ಟ್ರಾಕ್ಟರಿನವರು, ನಾನು ಮೂವರು ಹೋದೆವು. ಪಿಡಿಒ ಒಳ್ಳೆಯವರು, ಕೂರಿಸಿ, ಫೈಲು ತೆಗೆದು, ಸರ್ಕಾರದ ದುಡ್ಡು ಎಂಬುದು ಒಂದು ದುಡ್ಡಲ್ಲ, ಹಲವು ಮಡಕೆಗಳ ದುಡ್ಡು ಎಂಬುದನ್ನು ತಾಳ್ಮೆಯಿಂದ ಬಿಡಿಸಿ ಹೇಳಿದರು. ಆಗ ಹದಿನೈದನೇ ಹಣಕಾಸು ಆಯೋಗದ ಅನುದಾನ ಇತ್ತು, ಆದರೆ ಅದರಲ್ಲಿ ನೂರಕ್ಕೆ ಅರವತ್ತು ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ನಲವತ್ತಕ್ಕೆ ಎಲ್ಲ ಊರಿನ ಎಲ್ಲ ಬೀದಿಯೂ ಬಾಯಿ ತೆರೆದು ಕೂತಿತ್ತು. ಉದ್ಯೋಗ ಖಾತ್ರಿಯಲ್ಲಿ ಕಾಂಕ್ರೀಟ್ ರಸ್ತೆ ಮಾಡಿದ್ದರು, ಆದರೆ ಅಲ್ಲಿ ಕೂಲಿ ಅರವತ್ತಾದರೆ ಸಾಮಗ್ರಿ ನಲವತ್ತು ಮೀರುವಂತಿರಲಿಲ್ಲ. ಕಾಂಕ್ರೀಟ್ ರಸ್ತೆ ಕೂಲಿ ತಿನ್ನುವುದಿಲ್ಲ, ಸಿಮೆಂಟ್ ತಿನ್ನುತ್ತದೆ. ಹಾಗಾಗಿ ಒಂದು ಕಡೆ ಸಿಮೆಂಟು ಸುರಿಯಬೇಕಾದರೆ ಇನ್ನೊಂದು ಕಡೆ ಬರೀ ಕೂಲಿಯ ಕೆಲಸ, ಬದು, ಕೃಷಿ ಹೊಂಡ, ಹೂಳು ತೆಗೆಯುವುದು, ಅಷ್ಟು ನಡೆದು ತಕ್ಕಡಿ ಸಮವಾಗಬೇಕಿತ್ತು. ಅಂದರೆ ನಮ್ಮ ಬೀದಿಗೆ ಕಾಂಕ್ರೀಟು ಬರಬೇಕಾದರೆ ಬೇರೆ ಯಾರೋ ತಮ್ಮ ಹೊಲಕ್ಕೆ ಬದು ಹಾಕಿಸಿಕೊಳ್ಳಬೇಕಿತ್ತು. ನಾವು ಯಾರು ಬದು ಹಾಕಿಸುತ್ತಾರೆಂದು ಯೋಚಿಸಿದೆವು. ಕಳೆದ ವಾರವಷ್ಟೇ ಬದುವಿನ ವಿಷಯಕ್ಕೆ ತಲೆ ಒಡೆದುಕೊಂಡವರ ನೆನಪಾಯಿತು.

‘ಶಾಸಕರ ನಿಧಿಗೆ ಅರ್ಜಿ ಕೊಡಿ’ ಎಂದರು. ಕೊಟ್ಟಿದ್ದೆವು. ‘ಪಂಚಾಯ್ತಿಯ ಸ್ವಂತ ಸಂಪನ್ಮೂಲದಿಂದ ಸ್ವಲ್ಪ...’ ಎಂದು ಮೇಷ್ಟ್ರು ರಾಗ ಎಳೆದರು. ಪಿಡಿಒ ಆಗ ಒಂದು ರಿಜಿಸ್ಟರು ತೆಗೆದರು. ಬಹಳ ನಯವಾಗಿ ತೆಗೆದರು ಎಂಬುದೇ ಅನುಮಾನ ಹುಟ್ಟಿಸಬೇಕಿತ್ತು. ‘ನಿಮ್ಮ ಬೀದಿಯಲ್ಲಿ ಇಪ್ಪತ್ತೆರಡು ಮನೆ. ಈ ಸಾಲಿನ ಮನೆ ಕಂದಾಯ ಕಟ್ಟಿದವರು ಐದು.’ ಪಂಚಾಯ್ತಿಯ ಸ್ವಂತ ಸಂಪನ್ಮೂಲ ಅಂದರೆ ಅದೇ ಕಂದಾಯವಂತೆ. ನಾನು ಗೋಡೆಯ ಮೇಲಿದ್ದ ಗಾಂಧೀಜಿಯ ಪಟ ನೋಡಿದೆ. ನನ್ನದು ಮೂರು ವರ್ಷದ್ದು ಬಾಕಿ ಇತ್ತು. ‘ಐದರಲ್ಲಿ ಒಂದು ಆ ಕೊನೆಮನೆ ಅಜ್ಜಿದು’ ಎಂದು ಅವರು ಸೇರಿಸಿದಾಗ ಗಾಂಧೀಜಿಯ ಪಟವೂ ಬೇಡವಾಗಿ ಫ್ಯಾನು ನೋಡಿದೆ. ಹೊರಗೆ ಬಂದವರು ಕಂದಾಯ ಕಟ್ಟಿ ರಸೀದಿ ತಗೊಂಡೇ ಬಂದೆವು. ಒಂದು ಬೈಕಿನ ಟಯರಿಗೆ ಆಗುವಷ್ಟೂ ಇರಲಿಲ್ಲ ಆ ದುಡ್ಡು. ಬಾಕಿ ಇಟ್ಟುಕೊಂಡದ್ದು ದುಡ್ಡಿಲ್ಲದೆ ಅಲ್ಲ, ರಸ್ತೆ ಮಾಡಿಲ್ಲದವರಿಗೆ ಯಾಕೆ ಕಟ್ಟಬೇಕು ಎಂದು. ಅವರು ಮಾಡದೆ ಇದ್ದದ್ದು ಕಟ್ಟದವರಿಗೆ ಯಾವುದರಿಂದ ಮಾಡಲಿ ಎಂದು. ಮೊಟ್ಟೆ ಮೊದಲೋ ಕೋಳಿ ಮೊದಲೋ ಎಂದು ಯೋಚಿಸುತ್ತ ಬಂದರೆ ಬಾರ್ಡರಿನ ಮೇಲೆ ಅಜ್ಜಿಯ ಕೋಳಿ ನಿಂತಿತ್ತು.

ಮೇಲಿನ ಬೀದಿಯ ಕಾಂಕ್ರೀಟಿನ ಮೇಲೆ ಆ ಕೋಳಿಯ ಹೆಜ್ಜೆ ಗುರುತೂ ಇದೆ. ಹಾಕಿದ ದಿನವೇ ಹಸಿಯಲ್ಲಿ ನಡೆದುಹೋಗಿದ್ದು. ನಾಮಫಲಕದ ಅಕ್ಷರ ಈಗಾಗಲೇ ಅಳಿಸಿದೆ, ಹೆಜ್ಜೆ ಮಾಸಿಲ್ಲ. ಆ ರಸ್ತೆಯ ಸಂಗತಿಯನ್ನೂ ಇಲ್ಲಿ ಹೇಳಬೇಕು. ಕಾಂಕ್ರೀಟ್ ಹಾಕಿ, ಮಣ್ಣಿನ ಮಡಿ ಕಟ್ಟಿ, ನೀರು ನಿಲ್ಲಿಸಿ, ಮದುಮಗಳ ಹಾಗೆ ನೋಡಿಕೊಂಡು ಬಿಟ್ಟುಕೊಟ್ಟ ನಾಲ್ಕನೇ ತಿಂಗಳಿಗೆ ಮನೆಮನೆಗೆ ನಲ್ಲಿಯ ಕೆಲಸ ಬಂತು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನು. ರಸ್ತೆಯ ಉದ್ದಕ್ಕೂ ಕಟ್ಟರ್ ಹಾಕಿ ಸೀಳಿದರು. ಪೈಪು ಹೂತು ಮುಚ್ಚಿದ ಜಾಗ ಈಗ ಆಪರೇಷನ್ ಆದ ಹೊಟ್ಟೆಯ ಗಾಯದಂತೆ ಕಾಣುತ್ತದೆ. ಅದೇ ಪೈಪು ನಮ್ಮ ಬೀದಿಗೂ ಬಂತು. ಜೆಸಿಬಿ ಬೆಳಿಗ್ಗೆ ಅಗೆಯಿತು, ಸಂಜೆ ಮುಚ್ಚಿತು, ಒಂದು ಮಳೆ ಬಿತ್ತು, ಎಲ್ಲಿ ಅಗೆದದ್ದೆಂದು ಅಗೆದವನಿಗೂ ತಿಳಿಯಲಿಲ್ಲ. ಆ ಒಂದು ವಾರ ಮಣ್ಣಿನ ಬೀದಿಯವರು ತಲೆ ಎತ್ತಿ ನಡೆದೆವು.

ನನ್ನೊಳಗೂ ಎರಡು ಮನಸ್ಸಿರುವುದನ್ನು ಒಪ್ಪಿಕೊಂಡುಬಿಡುತ್ತೇನೆ. ಬೆಳಿಗ್ಗೆ ಬಾಗಿಲ ಮುಂದೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಾಗ ಮಣ್ಣಿಗೆ ಬರುವ ಕಳೆ ಸಿಮೆಂಟಿಗೆ ಬರುವುದಿಲ್ಲ. ಹಾಗೆಂದು ಹೆಂಡತಿಗೆ ಹೇಳಿದ್ದಕ್ಕೆ, ‘ಸಾರಿಸೋರು ನೀವಾ?’ ಎಂದು ಕೇಳಿದಳು. ಅಲ್ಲಿಗೆ ಸೌಂದರ್ಯಮೀಮಾಂಸೆ ಮುಗಿಯಿತು. ಅವಳಿಗೆ ರಸ್ತೆ ಬೇಕಿರುವುದು ಹೋಗಿಬರಲು ಮಾತ್ರವಲ್ಲ, ಒಣಗಿಸಲು. ಮೇಲಿನ ಬೀದಿಯಲ್ಲಿ ಸುಗ್ಗಿಯ ಕಾಲಕ್ಕೆ ನೋಡಬೇಕು: ಅರ್ಧ ರಸ್ತೆ ಹುರುಳಿ, ಅರ್ಧ ರಸ್ತೆ ಅಡಿಕೆ, ಮಧ್ಯದಲ್ಲಿ ಕೊಬ್ಬರಿ ಬಟ್ಟಲು, ಅಂಚಿನಲ್ಲಿ ಹಪ್ಪಳ. ಹಿಂದೆ ಕಣ ಮಾಡಬೇಕಾದರೆ ನೆಲ ಕೆತ್ತಿ, ನೀರು ಹಾಕಿ, ಬಗ್ಗಡದಲ್ಲಿ ಸಾರಿಸಿ, ಗುಂಡು ಎಳೆಯಬೇಕಿತ್ತು. ಈಗ ಸರ್ಕಾರವೇ ಕಣ ಮಾಡಿಕೊಟ್ಟಿದೆ, ಓಡಾಡುವ ವಾಹನಗಳೇ ರೋಣಗಲ್ಲು. ವಾಹನ ಓಡಾಡಲೆಂದು ಮಾಡಿದ ರಸ್ತೆಯ ಮೇಲೆ ವಾಹನ ಬಂದರೆ ‘ಹುಷಾರು, ಹುರುಳಿ!’ ಎಂದು ಕೂಗುವ ಒಂದು ಹೊಸ ಉದ್ಯೋಗವೂ ಮಕ್ಕಳಿಗೆ ಸಿಕ್ಕಿದೆ.

ಮನೆ ತಗ್ಗಿನಲ್ಲಿರುವವರ ಕಷ್ಟ ಬೇರೆ. ರಸ್ತೆ ಒಂದು ಸಲ ಏರಿತೆಂದರೆ ಇಳಿಯುವುದಿಲ್ಲ; ಪ್ರತಿ ಸಲ ಹಳೆಯದರ ಮೇಲೆಯೇ ಹೊಸದನ್ನು ಹಾಕುತ್ತಾರೆ. ಮೂರು ಚುನಾವಣೆ ಕಳೆದರೆ ಹೊಸ್ತಿಲು ರಸ್ತೆಯ ಕೆಳಗಿರುತ್ತದೆ, ಬೀದಿಯ ನೀರು ಹೇಳದೆ ಕೇಳದೆ ನಡುಮನೆಗೆ ಬರುತ್ತದೆ.

ಆದರೂ ವಂತಿಗೆ ಪುಸ್ತಕ ತೆರೆದೆವು. ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಮೇಲೆ ‘ಶ್ರೀ ಮಲ್ಲಿಕಾರ್ಜುನಸ್ವಾಮಿ ಪ್ರಸನ್ನ’ ಎಂದು ಮೇಷ್ಟ್ರ ದುಂಡು ಅಕ್ಷರ. ಯಗಟಿಯ ಸ್ವಾಮಿಯ ಹೆಸರು ಹಾಕಿದ ಮೇಲೆ ಕೊಡುವುದಿಲ್ಲ ಎನ್ನುವವರು ಯಾರು? ಕೊಡುತ್ತೇವೆ ಅಂದರು, ಅಷ್ಟೆ. ಅಡಿಕೆ ಮಾರಿದ ಮೇಲೆ, ಕೊಬ್ಬರಿ ರೇಟು ಬಂದ ಮೇಲೆ, ಮಗನ ಸಂಬಳ ಆದ ಮೇಲೆ. ಕೈಗೆ ಬಂದದ್ದು ಮೂವತ್ತೊಂದು ಸಾವಿರ. ಐದು ಲಕ್ಷಕ್ಕೆ ಅದು ಎಲ್ಲಿ ಸಾಲಬೇಕು. ಆದರೂ ಕೆಲಸ ನಿಂತದ್ದು ದುಡ್ಡಿನಿಂದ ಅಲ್ಲ.

ಮೇಸ್ತ್ರಿ ಗುರುತು ಹಾಕಲು ಸುಣ್ಣದ ಪುಡಿ ತಂದಿದ್ದರು. ಮೂರು ಮೀಟರ್ ಅಗಲಕ್ಕೆ ಎರಡು ಗೆರೆ ಎಳೆಯುತ್ತ ಹೊರಟರು. ನಾಲ್ಕನೇ ಮನೆಯ ಹತ್ತಿರ ಗೆರೆ ಒಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿತು. ಏಳನೇ ಮನೆಯಲ್ಲಿ ಮೆಟ್ಟಿಲ ಮೇಲೆ. ಒಂಬತ್ತರಲ್ಲಿ ಬಚ್ಚಲಿನೊಳಗೇ ಹೋಗಿ ಬಂತು. ಹನ್ನೊಂದು ನನ್ನದು. ಅಪ್ಪ ಕಟ್ಟಿಸಿದ ಜಗಲಿಯ ಮಧ್ಯೆ, ನಾನು ದಿನವೂ ಪೇಪರು ಓದಲು ಕೂರುವ ಜಾಗದ ಮೇಲೆ, ಬೆಳ್ಳಗೆ ಗೆರೆ ಬಿತ್ತು. ಅಲ್ಲಿಯವರೆಗೆ ಬೀದಿಯ ಏಳಿಗೆಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಮಾತಾಡಿದವನು ನಾನು. ಜಗಲಿ ಎರಡಡಿ ಬೀದಿಯೊಳಗೆ ಬಂದಿದೆ ಎಂದು ಮೇಸ್ತ್ರಿ ಹೇಳಿದಾಗ, ‘ಬೀದಿಯೇ ನಮ್ಮ ಕಡೆ ಸರಿದಿರಬೇಕು’ ಎಂದುಬಿಟ್ಟೆ. ಯಾರೂ ನಗಲಿಲ್ಲ. ಎಲ್ಲರ ಮನೆಯ ಕಡೆಗೂ ಅದು ಸರಿದಿತ್ತು. ಇಪ್ಪತ್ತೆರಡು ಸಾವಿರ ಕೊಡಲು ಒಪ್ಪಿದ್ದವರು ಕೂಡ ಎರಡಡಿ ಬಿಡಲು ಒಪ್ಪಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಇಡೀ ಬೀದಿಯ ಸುಣ್ಣದ ಗೆರೆಯನ್ನು ಹೆಂಗಸರು ಸಗಣಿ ಹಾಕಿ ಸಾರಿಸಿದ್ದರು. ನಮ್ಮ ಮನೆ ಮುಂದೆ ಅವತ್ತು ಸಾರಿಸಿದ್ದು ನಾನು.

ಆ ಸಲದ ಹಿಂಗಾರು ಸರಿಯಾಗಿ ಹೊಡೆಯಿತು. ಉತ್ತರೆ ಮಳೆಗೆ ಶಾಲೆಯ ಮಕ್ಕಳು ಚಪ್ಪಲಿ ಕೈಲಿ ಹಿಡಿದು ಹೋದರು. ಚಿತ್ತೆ ಮಳೆಗೆ ಟ್ರಾಕ್ಟರೇ ಹೂತುಕೊಂಡಿತು. ಒಂದು ರಾತ್ರಿ ಹತ್ತನೇ ಮನೆಯ ಹುಡುಗಿಗೆ ಹೆರಿಗೆ ನೋವು ಬಂದು, 108 ಗಾಡಿ ಬಾರ್ಡರಿನಲ್ಲಿ ನಿಂತು, ನಾವು ಎಂಟು ಜನ ಮಂಚದ ಸಮೇತ ಅವಳನ್ನು ಕೆಸರಿನಲ್ಲಿ ಹೊತ್ತು ತಂದೆವು. ಮೂಲೆಮನೆಯವರೂ ಒಂದು ಕಾಲಿಗೆ ಹೆಗಲು ಕೊಟ್ಟಿದ್ದರು. ಆ ರಾತ್ರಿ ಯಾರ ಮನೆಯ ಮುಂದಿನ ತುಂಡನ್ನು ಯಾರು ತುಳಿದರು ಎಂದು ಲೆಕ್ಕವಾಗಲಿಲ್ಲ. ಮಗು ಕಡೂರಿನಲ್ಲಿ ಹುಟ್ಟಿತು, ತಾಯಿ ಮಗು ಚೆನ್ನಾಗಿದ್ದಾರೆ.

ಮರುದಿನವೇ ವಂತಿಗೆಯ ಮೂವತ್ತೊಂದು ಸಾವಿರದಲ್ಲಿ ಟ್ರಾಕ್ಟರುಗಟ್ಟಲೆ ಗೊಚ್ಚು ತರಿಸಿ ಬೀದಿಗೆ ಹರಡಿಸಿದೆವು. ಟ್ರಾಕ್ಟರಿನವರು ಡೀಸೆಲ್ ಮಾತ್ರ ಸಾಕೆಂದರು; ಬೀರುವಿನ ಬಾಡಿಗೆಯನ್ನೂ ಬಿಟ್ಟೆನೆಂದರು. ಹನ್ನೆರಡನೇ ಮನೆಯಿಂದ ಮಜ್ಜಿಗೆ ಬಂತು. ಈ ಸಲವೂ ಮಜ್ಜಿಗೆಯೇ ಹೆಚ್ಚಾಯಿತು.

ಮೊನ್ನೆ ಗ್ರಾಮಸಭೆ ಇತ್ತು. ಮುಂದಿನ ಸಾಲಿನ ಕ್ರಿಯಾ ಯೋಜನೆ ಓದಿದರು. ನಮ್ಮ ಬೀದಿಯ ಸರದಿ ಬಂದಾಗ ಎಲ್ಲರೂ ಸುಮ್ಮನಾದೆವು. ರಸ್ತೆಯಲ್ಲ, ಸದ್ಯಕ್ಕೆ ಚರಂಡಿ. ನೈರ್ಮಲ್ಯದ ದುಡ್ಡಿನಲ್ಲಿ ಅದು ಬರುತ್ತದೆ. ಚರಂಡಿ ಹಾಕುವಾಗ ಅಂಚು ಹೇಗೂ ಗೊತ್ತಾಗುತ್ತದೆ, ಆಮೇಲೆ ರಸ್ತೆ ಸೇರಿಸಬಹುದು ಎಂದು ಪಿಡಿಒ ನನ್ನ ಕಡೆ ನೋಡದೆ ಹೇಳಿದರು. ಕಾಮಗಾರಿಯ ಹೆಸರು ಓದಿದರು: ಕೊನೆಮನೆ ಅಜ್ಜಿಯ ಗಂಡನ ಹೆಸರು, ಅವರ ಮನೆಯಿಂದ ಶಾನುಭೋಗರ ಮನೆವರೆಗೆ. ಆತ ತೀರಿಕೊಂಡು ನಲವತ್ತು ವರ್ಷ. ರೇಷನ್ ಕಾರ್ಡು ಬಿಟ್ಟರೆ ಆ ಹೆಸರನ್ನು ಯಾರೂ ಎಲ್ಲೂ ಓದಿದ್ದಿಲ್ಲ.

‘ಇನ್ನೊಂದ್ ಸತಿ ಓದಪ್ಪ’ ಎಂದರು ಅಜ್ಜಿ. ಅವರು ಓದಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕುವವರಂತೆ ಬೆರಳು ಮಡಚಿದರು.

‘ಅಂಗಾರೆ ನಮ್ಮ ಮನೆಯಿಂದ್ಲೇ ಶುರುವಾ?’

‘ಹೌದಜ್ಜಿ, ನಿಮ್ಮ ಮನೆಯಿಂದಲೇ.’

ಅಜ್ಜಿ ನನ್ನ ಕಡೆ ತಿರುಗಿದರು. ‘ನಿನ್ನ ತಂಗಿ ಮಗ ಮೊದಲನೇ ಮನೆಗೆ ಎಷ್ಟಂದಿದ್ದ? ಸಾವ್ರದ ಮೂವತ್ಮೂರು ತಾನೇ? ಬರ್ಕೋ ನನ್ನೆಸ್ರಿಗೆ.’